ಹಳೆಯ ಮನೆ ಅಲಾರಂ: ಸುಮ್ಮಸುಮ್ಮನೆ ಕೂಗಿದರೆ, ಕೂಗಬೇಕಾದಾಗ ಕೂಗದಿದ್ದರೆ ದೋಷ ಹುಡುಕುವ ಬಗೆ

ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಮನೆ ಕಟ್ಟುವಾಗಲೇ ಗೋಡೆಯೊಳಗೆ ವೈರ್ ಎಳೆದು ಕೂರಿಸಿದ ಕಳ್ಳರ ಅಲಾರಂ ಈಗ ರಾತ್ರಿ ಎರಡು ಗಂಟೆಗೆ ತಾನಾಗಿ ಕೂಗುತ್ತದೆ. ಇಲ್ಲವೇ ಕೀಪ್ಯಾಡಿನ ಹಳದಿ ದೀಪ ಆರುವುದೇ ಇಲ್ಲ. ಇಂಥ ಹೊತ್ತಿನಲ್ಲಿ ಬಹಳ ಮನೆಗಳಲ್ಲಿ ನಡೆಯುವುದು ಎರಡರಲ್ಲಿ ಒಂದು: ಸೈರನ್ ವೈರ್ ಕಿತ್ತು ಬಿಟ್ಟುಬಿಡುತ್ತಾರೆ, ಅಥವಾ ಎಲ್ಲವನ್ನೂ ತೆಗೆಸಿ ಹೊಸದು ಹಾಕಿಸುತ್ತಾರೆ. ಎರಡೂ ಅವಸರದ ಕೆಲಸ. ಈ ವೈರ್ ಪ್ಯಾನೆಲ್‌ಗಳ (ಎಲ್ಲ ವೈರ್ ಬಂದು ಸೇರುವ ಮುಖ್ಯ ಪೆಟ್ಟಿಗೆ) ಬೋರ್ಡ್ ಗಟ್ಟಿ, ಸಿಡಿಲು ಬಡಿಯದಿದ್ದರೆ ಅಷ್ಟು ಸುಲಭಕ್ಕೆ ಕೆಡುವುದಿಲ್ಲ. ಕೆಡುವುದು ಬ್ಯಾಟರಿ, ಬಾಗಿಲ ಮೇಲಿನ ಕಾಂಟ್ಯಾಕ್ಟ್ (ಅಯಸ್ಕಾಂತದ ಸ್ವಿಚ್), ಅಟ್ಟದ ಮೇಲಿನ ಟೇಪ್ ಸುತ್ತಿದ ಜಾಯಿಂಟ್, ಇರುವೆ ಗೂಡು ಕಟ್ಟಿದ ಸೆನ್ಸರ್. ಹೆಚ್ಚಿನವು ಕೆಲವೇ ನೂರು ರೂಪಾಯಿಯಲ್ಲಿ ಸರಿಹೋಗುವಂಥವು.

ಲೆಕ್ಕಗಳನ್ನು ಖಚಿತವಾಗಿ ಹೇಳಬೇಕಾದ ಕಡೆ ಕೆನಡಾದ ಡಿಎಸ್‌ಸಿ ಪವರ್ ಸೀರೀಸ್ ಪ್ಯಾನೆಲ್ (ಪಿಸಿ1832ರಂಥದ್ದು) ಉದಾಹರಣೆಯಾಗಿ ಇಟ್ಟುಕೊಂಡಿದೆ. ಬೇರೆ ಕಂಪನಿಯದಾದರೆ ಒತ್ತಬೇಕಾದ ಕೀಲಿಗಳೂ ರೆಸಿಸ್ಟರಿನ ಓಮ್ ಅಳತೆಯೂ ಬದಲಾಗುತ್ತವೆ, ಹುಡುಕುವ ದಾರಿ ಒಂದೇ.

ಪೆಟ್ಟಿಗೆ ತೆರೆಯುವ ಮುಂಚೆ

ಕೈಯಲ್ಲಿರಬೇಕಾದದ್ದು: ಒಂದು ಡಿಜಿಟಲ್ ಮಲ್ಟಿಮೀಟರ್, ಸಣ್ಣ ಚಪ್ಪಟೆ ಮತ್ತು ಸ್ಟಾರ್ ಸ್ಕ್ರೂಡ್ರೈವರ್, ಏಣಿ, ಅರ್ಧ ಮೀಟರ್ ವೈರ್, 5.6 ಕಿಲೋ ಓಮ್‌ನ ನಾಲ್ಕೈದು ರೆಸಿಸ್ಟರ್ (ಹಸಿರು, ನೀಲಿ, ಕೆಂಪು ಪಟ್ಟಿ), 1 ಕಿಲೋ ಓಮ್‌ನ ಎರಡು (ಕಂದು, ಕಪ್ಪು, ಕೆಂಪು), ಹೋಲ್ಡರ್ ಸಮೇತ 12 ವೋಲ್ಟ್ 21 ವಾಟ್‌ನ ಒಂದು ಬೈಕ್ ಇಂಡಿಕೇಟರ್ ಅಥವಾ ಕಾರ್ ಬಲ್ಬ್. ಬೆಂಗಳೂರಿನವರಿಗೆ ಇವೆಲ್ಲ ಎಸ್.ಪಿ. ರೋಡಿನಲ್ಲಿ ಸಿಗುತ್ತವೆ. ಬೇರೆ ಊರುಗಳಲ್ಲಿ ಟಿವಿ, ಯುಪಿಎಸ್ ರಿಪೇರಿ ಮಾಡುವವರ ಹತ್ತಿರ ಕೇಳಿ.

ಅಕ್ಕಪಕ್ಕದ ಮನೆಯವರಿಗೆ ಒಂದು ಮಾತು ಹೇಳಿ. ಅಲಾರಂ ಸೆಕ್ಯುರಿಟಿ ಕಂಪನಿಗೆ ಜೋಡಿಸಿದ್ದರೆ ಅವರಿಗೂ ಫೋನ್ ಮಾಡಿ. ಪ್ಯಾನೆಲ್ ಪೆಟ್ಟಿಗೆಯ ಮುಚ್ಚಳಕ್ಕೆ ಒಂದು ಟ್ಯಾಂಪರ್ ಸ್ವಿಚ್ ಇರುತ್ತದೆ, ತೆರೆದ ಕೂಡಲೇ ಸೈರನ್ ಕೂಗಬಹುದು. ಆಗ ಗಾಬರಿಬಿದ್ದು ಏಣಿ ಮೇಲಿಂದ ಜಿಗಿಯಬೇಡಿ, ಯೂಸರ್ ಕೋಡ್ ಹಾಕಿದರೆ ನಿಲ್ಲುತ್ತದೆ.

ಭಾರತದಲ್ಲಿ ಕೂರಿಸಿದ ಪ್ಯಾನೆಲ್‌ಗಳಲ್ಲಿ ಟ್ರಾನ್ಸ್‌ಫಾರ್ಮರ್ ಹೆಚ್ಚಾಗಿ ಅದೇ ಪೆಟ್ಟಿಗೆಯೊಳಗೆ ಇರುತ್ತದೆ. ಅಂದರೆ ಅಲ್ಲಿಗೆ 230 ವೋಲ್ಟ್ ನೇರವಾಗಿ ಬಂದಿರುತ್ತದೆ. ಆ ಭಾಗಕ್ಕೆ ಕೈಹಾಕುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಎಂಸಿಬಿಯನ್ನೇ ಇಳಿಸಿ. ಮನೆಗೆ ಇನ್ವರ್ಟರ್ ಇದ್ದರೆ ಪ್ಯಾನೆಲ್ ಇನ್ವರ್ಟರ್ ಲೈನ್ ಮೇಲಿದೆಯೋ ಇಲ್ಲವೋ ಮೊದಲು ನೋಡಿಕೊಳ್ಳಿ. ಮೇನ್ ಇಳಿಸಿದರೂ ಆ ಲೈನಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಆಮೇಲೆ ಒಳಗಿನ ವೈರಿಂಗ್‌ನ ಫೋಟೋ ತೆಗೆದುಕೊಳ್ಳಿ. ಯಾವ ಬಣ್ಣದ ವೈರ್ ಯಾವ ಸ್ಕ್ರೂಗೆ ಎನ್ನುವುದು ಓದುವ ಹಾಗಿರಲಿ. ಇದೊಂದು ಮಾಡದೆ ವೈರ್ ಬಿಚ್ಚಿದವರು ಇಡೀ ದಿನ ಕಳೆದುಕೊಳ್ಳುತ್ತಾರೆ.

ಇನ್ನೊಂದು ಎಚ್ಚರ. ಇನ್‌ಸ್ಟಾಲರ್ ಕೋಡ್ (ಅಲಾರಂ ಕೂರಿಸಿದವರು ಪ್ರೋಗ್ರಾಂ ಮಾಡಲು ಬಳಸುವ ಕೋಡ್) ಗೊತ್ತಿಲ್ಲ ಎಂದು ಪ್ಯಾನೆಲನ್ನು ಫ್ಯಾಕ್ಟರಿ ಸ್ಥಿತಿಗೆ ರೀಸೆಟ್ ಮಾಡಬೇಡಿ. ಯಾವ ಜೋನ್ (ಪ್ಯಾನೆಲಿನ ಒಂದು ಜೋಡಿ ಸ್ಕ್ರೂಗೆ ಸೇರುವ ಬಾಗಿಲು, ಕಿಟಕಿ ಅಥವಾ ಸೆನ್ಸರ್‌ಗಳ ಗುಂಪು) ಬಾಗಿಲು, ಯಾವುದು ಹಾಲ್, ಎಷ್ಟು ಸೆಕೆಂಡ್ ಕಾಯಬೇಕು ಎನ್ನುವುದೆಲ್ಲ ಅಳಿಸಿಹೋಗಿ ಮತ್ತೆ ಮೊದಲಿನಿಂದ ಪ್ರೋಗ್ರಾಂ ಮಾಡಬೇಕಾಗುತ್ತದೆ. ಕೆಳಗಿನ ಯಾವ ಪರೀಕ್ಷೆಗೂ ಆ ಕೋಡ್ ಬೇಕಿಲ್ಲ.

ಕೀಪ್ಯಾಡ್ ಏನು ಹೇಳುತ್ತಿದೆ

ಹತ್ತು ಸೆಕೆಂಡಿಗೊಮ್ಮೆ ಎರಡು ಬೀಪ್ ಬರುತ್ತಿದ್ದರೆ ಪ್ಯಾನೆಲ್ ತನ್ನ ತೊಂದರೆಯನ್ನು ತಾನೇ ಹೇಳುತ್ತಿದೆ. ಹ್ಯಾಶ್ ಒತ್ತಿದರೆ ಸದ್ದು ನಿಲ್ಲುತ್ತದೆ, ತೊಂದರೆ ಹೋಗುವುದಿಲ್ಲ. ಸ್ಟಾರ್ ಒತ್ತಿ 2 ಒತ್ತಿ. ಹೊತ್ತಿಕೊಳ್ಳುವ ಅಂಕಿ ನೋಡಿ. 1 ಎಂದರೆ ಸರ್ವಿಸ್ ಬೇಕು, ಅಂದರೆ ಬ್ಯಾಟರಿ ಇಳಿದಿದೆ ಅಥವಾ ಸೈರನ್ ಸರ್ಕ್ಯೂಟ್ ತುಂಡಾಗಿದೆ ಎನ್ನುವಂಥದ್ದು (ಮತ್ತೆ 1 ಒತ್ತಿದರೆ ಯಾವುದೆಂದು ಬಿಡಿಸಿ ಹೇಳುತ್ತದೆ). 2 ಎಂದರೆ ಕರೆಂಟು ಬರುತ್ತಿಲ್ಲ. 3 ಟೆಲಿಫೋನ್ ಲೈನ್ ಇಲ್ಲ. 4 ಫೋನ್ ಮಾಡಲು ಹೋಗಿ ಸೋತಿದೆ. 5 ಜೋನ್ ದೋಷ, 6 ಜೋನ್ ಟ್ಯಾಂಪರ್. 7 ವೈರ್‌ಲೆಸ್ ಸೆನ್ಸರಿನ ಬ್ಯಾಟರಿ. 8 ಗಡಿಯಾರ ತಪ್ಪಿದೆ.

ಈ 8ನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಗಡಿಯಾರ ತಪ್ಪಿದೆ ಎಂದರೆ ಪ್ಯಾನೆಲ್ ಒಮ್ಮೆ ಪೂರ್ತಿ ಸತ್ತು ಮತ್ತೆ ಎದ್ದಿದೆ. ಕರೆಂಟು ಹೋದಾಗ ಬ್ಯಾಟರಿ ಅದನ್ನು ಹೊತ್ತುಕೊಳ್ಳಲಿಲ್ಲ ಎನ್ನುವುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಡ. ಸಮಯ ಸರಿಮಾಡಿ ಸುಮ್ಮನಾಗದೆ ಬ್ಯಾಟರಿ ನೋಡಿ.

ಅಲಾರಂ ಕೂಗಿ ನಿಂತಿದ್ದರೆ ಸ್ಟಾರ್, 3 ಒತ್ತಿ. ಯಾವ ಜೋನ್ ಕೂಗಿಸಿತು ಎನ್ನುವುದು ಅಲ್ಲಿ ಉಳಿದಿರುತ್ತದೆ. ಅದನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ ಹಾಳೆಯಲ್ಲಿ ಬರೆಯಿರಿ: ತಾರೀಖು, ಗಂಟೆ, ಜೋನ್, ಮಳೆ ಇತ್ತೇ, ಕರೆಂಟು ಹೋಗಿ ಬಂದಿತ್ತೇ. ಬಂದು ಹೋಗುವ ದೋಷಕ್ಕೆ ಈ ಹಾಳೆಯಷ್ಟು ಸಹಾಯ ಯಾವ ಮೀಟರೂ ಮಾಡುವುದಿಲ್ಲ. ಪ್ರತಿ ಸಲ ಒಂದೇ ಜೋನ್ ಆದರೆ ಆ ವೈರ್ ಅಥವಾ ಸೆನ್ಸರ್. ಬೇರೆ ಬೇರೆ ಜೋನ್‌ಗಳು ಒಟ್ಟೊಟ್ಟಿಗೆ ಬಂದರೆ ಸೆನ್ಸರ್ ಬಿಡಿ, ಪವರ್ ಹುಡುಕಿ.

ಕರೆಂಟು ಮತ್ತು ಬ್ಯಾಟರಿ

ಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಬೋರ್ಡಿನ ಎಸಿ ಎಂದು ಬರೆದಿರುವ ಎರಡು ಸ್ಕ್ರೂಗಳ ನಡುವೆ ಅಳೆಯಿರಿ. 16.5 ವೋಲ್ಟಿನ ಸುತ್ತಮುತ್ತ ಇರಬೇಕು. 18ರವರೆಗೂ ತೋರಿಸಿದರೆ ಚಿಂತೆ ಬೇಡ. ಸೊನ್ನೆ ಬಂದರೆ ಪೆಟ್ಟಿಗೆಯ ಗಾಜಿನ ಫ್ಯೂಸ್ ಹೋಗಿದೆ, ಇಲ್ಲವೇ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ. ಫ್ಯೂಸ್ ಹಾಕಿದರೆ ಮತ್ತೆ ಹಾರುತ್ತದೆಯೇ? ಹಾಗಾದರೆ ಟ್ರಾನ್ಸ್‌ಫಾರ್ಮರಿನಿಂದ ಬೋರ್ಡಿಗೆ ಹೋಗುವ ಎರಡು ವೈರ್ ಬಿಚ್ಚಿ ಇನ್ನೊಮ್ಮೆ ನೋಡಿ. ಆಗಲೂ ಹಾರಿದರೆ ಟ್ರಾನ್ಸ್‌ಫಾರ್ಮರ್, ಹಾರದಿದ್ದರೆ ಬೋರ್ಡಿನ ಕಡೆ ಶಾರ್ಟ್.

ಈಗ ಮೀಟರ್ ಡಿಸಿಗೆ. ಬ್ಯಾಟರಿಯ ಕೆಂಪು ಲಗ್ (ವೈರ್ ತುದಿಯ ಲೋಹದ ಕ್ಲಿಪ್) ಬಿಚ್ಚಿ, ಪ್ಯಾನೆಲಿನಿಂದ ಬರುವ ಕೆಂಪು ಕಪ್ಪು ಲಗ್‌ಗಳ ನಡುವೆ ಅಳೆಯಿರಿ. 13.6ರಿಂದ 13.8 ವೋಲ್ಟ್ ಬಂದರೆ ಚಾರ್ಜಿಂಗ್ ಸರಿಯಿದೆ. 13ಕ್ಕಿಂತ ಕೆಳಗಿದ್ದರೆ ಯಾವ ಹೊಸ ಬ್ಯಾಟರಿ ಹಾಕಿದರೂ ತುಂಬುವುದಿಲ್ಲ. 14.5 ದಾಟಿದರೆ ಹೊಸ ಬ್ಯಾಟರಿಯೂ ಕೆಲವೇ ತಿಂಗಳಲ್ಲಿ ಉಬ್ಬಿ ಬಿರುಕು ಬಿಡುತ್ತದೆ. ಈ ಅಳತೆ ಮಾಡದೆ ಬ್ಯಾಟರಿ ಮಾತ್ರ ಬದಲಿಸುತ್ತ ಹೋಗುವ ಮನೆಗಳಿವೆ.

ಬ್ಯಾಟರಿ ಕಂಪ್ಯೂಟರ್ ಯುಪಿಎಸ್‌ನಲ್ಲಿ ಇರುವಂಥದ್ದೇ, 12 ವೋಲ್ಟ್ 7 ಆಂಪಿಯರ್ ಅವರ್‌ನ ಸೀಲ್ ಮಾಡಿದ ಲೆಡ್ ಆಸಿಡ್. ಮೂರರಿಂದ ಐದು ವರ್ಷ ಬರುತ್ತದೆ. ಮೆಟ್ಟಿಲ ಕೆಳಗಿನ ಗಾಳಿಯಾಡದ ಮೂಲೆಯಲ್ಲಿ, ಅಥವಾ ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಎರಡೇ ವರ್ಷ. ಸೆಕೆ ಸುಮಾರು ಹತ್ತು ಡಿಗ್ರಿ ಏರಿದರೆ ಆಯಸ್ಸು ಅರ್ಧಕ್ಕೆ ಇಳಿಯುವ ಜಾತಿಯ ಬ್ಯಾಟರಿ ಇದು.

ಬರಿ ವೋಲ್ಟ್ ನೋಡಿ ಬ್ಯಾಟರಿಗೆ ಸರ್ಟಿಫಿಕೇಟ್ ಕೊಡಬೇಡಿ. ಸತ್ತ ಬ್ಯಾಟರಿಯೂ ಭಾರವಿಲ್ಲದೆ 12.6 ತೋರಿಸುತ್ತದೆ. ಪ್ಯಾನೆಲಿನಿಂದ ಬಿಚ್ಚಿ, ಒಂದು ಗಂಟೆ ಬಿಟ್ಟು, ಆ 21 ವಾಟ್ ಬಲ್ಬನ್ನು ಅದಕ್ಕೆ ಜೋಡಿಸಿ. ಬಲ್ಬ್ ಸುಮಾರು ಒಂದೂಮುಕ್ಕಾಲು ಆಂಪಿಯರ್ ಎಳೆಯುತ್ತದೆ. ಹದಿನೈದು ನಿಮಿಷ ಕಳೆದ ಮೇಲೂ 12 ವೋಲ್ಟಿಗಿಂತ ಮೇಲಿದ್ದರೆ ಇನ್ನೂ ಕಸುವಿದೆ. ಐದೇ ನಿಮಿಷಕ್ಕೆ 11.5ಕ್ಕೆ ಜಾರಿದರೆ ತೆಗೆದುಹಾಕಿ. ಎಷ್ಟು ಹೊತ್ತು ಬರಬೇಕು ಎಂಬ ಲೆಕ್ಕವೂ ಸುಲಭ: ಪ್ಯಾನೆಲ್ 100 ಮಿಲಿ ಆಂಪಿಯರ್, ಕೀಪ್ಯಾಡ್ 50, ಆರು ಮೋಷನ್ ಸೆನ್ಸರ್‌ಗೆ ತಲಾ 15 ಎಂದರೆ ಒಟ್ಟು 240. ಹೊಸ ಬ್ಯಾಟರಿ ಕಾಗದದ ಮೇಲೆ 29 ಗಂಟೆ, ನಿಜದಲ್ಲಿ ಇಪ್ಪತ್ತರ ಆಸುಪಾಸು. ಎರಡು ಗಂಟೆ ಕರೆಂಟು ಹೋದರೆ ಕೀಪ್ಯಾಡ್ ಆರುತ್ತದೆ ಎಂದರೆ ಒಳಗೆ ಅರ್ಧ ಆಂಪಿಯರ್ ಅವರ್ ಕೂಡ ಉಳಿದಿಲ್ಲ.

ಹೊಸದು ತರುವಾಗ ಟರ್ಮಿನಲ್ ಅಗಲ ನೋಡಿ. ಕೆಲವು 4.8 ಮಿಲಿಮೀಟರ್, ಕೆಲವು 6.3. ಅಗಲದ ಲಗ್ಗನ್ನು ಕಿರಿದಾದ ಟರ್ಮಿನಲ್‌ಗೆ ತುರುಕಿದರೆ ಅದು ಸಡಿಲವಾಗಿ ಕೂತು, ಸೈರನ್ ಕೂಗುವ ಕ್ಷಣದಲ್ಲಿ ಕೈಕೊಡುತ್ತದೆ. ಕೆಂಪು ಪ್ಲಸ್, ಕಪ್ಪು ಮೈನಸ್, ತಿರುಗಾಮುರುಗಾ ಮಾಡಿದರೆ ಬೋರ್ಡಿಗೇ ಅಪಾಯ. ಹಾಕಿದ ತಾರೀಖನ್ನು ಮಾರ್ಕರಿನಲ್ಲಿ ಬ್ಯಾಟರಿ ಮೇಲೆ ಬರೆಯಿರಿ. ಹಾಕಿದ ತಕ್ಷಣ ತೊಂದರೆಯ ದೀಪ ಆರದಿದ್ದರೆ ಒಂದು ದಿನ ಕಾಯಿರಿ, ಚಾರ್ಜ್ ಆಗಬೇಕು. ಹಳೆಯದನ್ನು ಕಸಕ್ಕೆ ಎಸೆಯದೆ ಅಂಗಡಿಗೇ ವಾಪಸ್ ಕೊಡಿ, ಒಳಗಿರುವುದು ಸೀಸ. ನೆನಪಿರಲಿ, ಬಹಳ ಪ್ಯಾನೆಲ್‌ಗಳು ಬ್ಯಾಟರಿಯೊಂದರಿಂದಲೇ ಶುರುವಾಗುವುದಿಲ್ಲ. ಕರೆಂಟು ಕೊಟ್ಟ ಮೇಲೇ ಏಳುತ್ತವೆ. ಅದನ್ನು ದೋಷ ಎಂದುಕೊಳ್ಳಬೇಡಿ.

ಜೋನ್ ದೋಷ: ಒಂದು ರೆಸಿಸ್ಟರಿನ ಕೆಲಸ

ಎಲ್ಲ ಬಾಗಿಲು ಹಾಕಿದ್ದರೂ ಮೂರನೇ ಜೋನ್ ತೆರೆದಿದೆ ಎಂದು ಕೀಪ್ಯಾಡ್ ಹಟ ಹಿಡಿದಿದೆ ಎಂದುಕೊಳ್ಳಿ. ಸೆನ್ಸರ್ ಹತ್ತಿರ ಹೋಗಬೇಡಿ. ಪ್ಯಾನೆಲಿನಲ್ಲಿ ಮೂರನೇ ಜೋನ್‌ನ ಸ್ಕ್ರೂ ಮತ್ತು ಅದರ ಕಾಮನ್ ಸ್ಕ್ರೂನಿಂದ ಆ ಜೋನ್‌ನ ವೈರ್ ಎರಡನ್ನೂ ಬಿಚ್ಚಿ, ಆ ಜಾಗಕ್ಕೆ ನಿಮ್ಮ ಬಳಿಯ 5.6 ಕಿಲೋ ಓಮ್ ರೆಸಿಸ್ಟರ್ ಸಿಕ್ಕಿಸಿ. ಮೂರನೇ ದೀಪ ಆರಿತೇ? ಬೋರ್ಡ್ ಚೆನ್ನಾಗಿದೆ, ತೊಂದರೆ ಹೊರಗಿನ ವೈರಿನಲ್ಲಿ. ಆರಲಿಲ್ಲವೇ? ಆ ಇನ್‌ಪುಟ್ ಸತ್ತಿದೆ, ಹೆಚ್ಚಾಗಿ ಏಪ್ರಿಲ್ ಮೇ ತಿಂಗಳ ಸಿಡಿಲಿಗೆ. ಆಗಲೂ ಬೋರ್ಡ್ ಎಸೆಯಬೇಕಿಲ್ಲ. ಪಿಸಿ1832ರಲ್ಲಿ ಎಂಟು ಜೋನ್‌ಗಳಿವೆ, ಖಾಲಿ ಇರುವ ಒಂದಕ್ಕೆ ವೈರ್ ಸಾಗಿಸಿ ಪ್ರೋಗ್ರಾಂ ಮಾಡಿಸಿದರೆ ಮುಗಿಯಿತು. ಎರಡು ನಿಮಿಷದ ಈ ಪರೀಕ್ಷೆ ಅರ್ಧ ಮನೆಯನ್ನು ಅನುಮಾನದಿಂದ ಹೊರಗಿಡುತ್ತದೆ. ಪ್ಯಾರಡಾಕ್ಸ್ ಪ್ಯಾನೆಲ್ ಆದರೆ 1 ಕಿಲೋ ಓಮ್, ಹನಿವೆಲ್ ವಿಸ್ಟಾ ಆದರೆ 2 ಕಿಲೋ ಓಮ್ ಹಾಕಬೇಕು.

ಈಗ ಬಿಚ್ಚಿದ ವೈರ್ ಎರಡನ್ನು ಓಮ್ ಮೀಟರಿಗೆ ಕೊಡಿ. ಬಾಗಿಲು ಹಾಕಿರಲಿ. 5.6 ಕಿಲೋ ಓಮ್ ಬರಬೇಕು, ಅದು ಸೆನ್ಸರಿನ ತುದಿಯಲ್ಲಿ ಜೋಡಿಸಿರುವ ರೆಸಿಸ್ಟರಿನ ಅಳತೆ. ಅಪರಿಮಿತ ತೋರಿಸಿದರೆ ಎಲ್ಲೋ ತುಂಡಾಗಿದೆ, ಅಥವಾ ಕಾಂಟ್ಯಾಕ್ಟ್ ಮುಚ್ಚಿಕೊಳ್ಳುತ್ತಿಲ್ಲ. ಸೊನ್ನೆ ಬಂದರೆ ಎರಡು ವೈರ್ ತಾಗಿಕೊಂಡಿವೆ: ಕಿಟಕಿ ಚೌಕಟ್ಟಿನ ಮೊಳೆ, ಇಲಿ ಕಡಿದ ಜಾಗ, ಗ್ರಿಲ್‌ಗೆ ಸಿಕ್ಕಿ ಒತ್ತಿಹೋದ ಕೇಬಲ್. ಅಂಕಿ 6, 7, 9 ಕಿಲೋ ಎಂದು ನಿಲ್ಲದೆ ಓಲಾಡುತ್ತಿದ್ದರೆ ಜಾಯಿಂಟ್ ಕಿಲುಬು ಹಿಡಿದಿದೆ. 5.6ಕ್ಕಿಂತ ಕಡಿಮೆ, ಉದಾಹರಣೆಗೆ 4.9 ಬಂದರೆ ತೇವ. ವೈರ್‌ಗಳ ನಡುವೆ ನೀರು 40 ಕಿಲೋ ಓಮ್‌ನ ಇನ್ನೊಂದು ದಾರಿ ಮಾಡಿಕೊಂಡರೆ ಸರಿಯಾಗಿ ಈ ಲೆಕ್ಕವೇ ಬರುತ್ತದೆ. ಮಳೆಗಾಲದಲ್ಲಿ ಕೂಗಿ ಬೇಸಿಗೆಯಲ್ಲಿ ಸುಮ್ಮನಿರುವ ಅಲಾರಂಗಳ ಗುಟ್ಟು ಬಹುಪಾಲು ಇದೇ. ಒಂದೊಂದು ಸೆನ್ಸರ್‌ಗೆ ಎರಡು ರೆಸಿಸ್ಟರ್ ಹಾಕಿದ ವ್ಯವಸ್ಥೆಯಾದರೆ ಮುಚ್ಚಿದಾಗ 5.6, ತೆರೆದಾಗ 11.2 ಕಿಲೋ ಬರುತ್ತದೆ, ಅದು ಸರಿಯೇ. ರೆಸಿಸ್ಟರೇ ಇಲ್ಲದೆ ಬರಿ ಮುಚ್ಚಿದ ಲೂಪ್ ಆಗಿ ಪ್ರೋಗ್ರಾಂ ಮಾಡಿದವರೂ ಇದ್ದಾರೆ. ಅಲ್ಲಿ ಸೊನ್ನೆ ಎಂದರೆ ಸರಿ, ಹಾಗಾಗಿ ಪಕ್ಕದ ಒಳ್ಳೆಯ ಜೋನ್ ಒಂದನ್ನು ಅಳೆದು ಹೋಲಿಸಿಕೊಳ್ಳಿ.

ದೋಷ ಹೊರಗಿದೆ ಎಂದು ಗೊತ್ತಾದ ಮೇಲೆ ನಡುವಿಗೆ ಹೋಗಿ. ಒಂದೇ ಜೋನ್‌ನಲ್ಲಿ ಆರು ಕಿಟಕಿ ಸಾಲಾಗಿ ಪೋಣಿಸಿದ್ದರೆ ಮೂರನೆಯದರ ಹತ್ತಿರ ಬಿಡಿಸಿ ಎರಡೂ ಕಡೆ ಅಳೆಯಿರಿ. ಯಾವ ಅರ್ಧ ತಪ್ಪಿದೆಯೋ ಅದನ್ನು ಮತ್ತೆ ಅರ್ಧ ಮಾಡಿ. ಮೂರನೇ ಅಳತೆಗೆ ಕಿಟಕಿ ಸಿಕ್ಕಿರುತ್ತದೆ.

ಜಾಯಿಂಟ್ ಸಿಕ್ಕಾಗ ಹಳೆಯ ಟೇಪ್ ಬಿಚ್ಚಿ ನೋಡಿ: ತಾಮ್ರ ಹಸಿರಾಗಿ, ಬೆರಳಿಗೆ ಪುಡಿ ಅಂಟುತ್ತದೆ. ಅಷ್ಟು ಭಾಗ ಕತ್ತರಿಸಿ, ಹೊಳೆಯುವ ತಾಮ್ರ ಬರುವ ತನಕ ಹಿಂದೆ ಸರಿದು, ಬೆಸುಗೆ ಹಾಕಿ ಮೇಲೆ ಕುಗ್ಗುವ ಕೊಳವೆ ಹಾಕಿ, ಇಲ್ಲವೇ ಟೆಲಿಫೋನಿನವರು ಬಳಸುವ ಜೆಲ್ಲಿ ತುಂಬಿದ ಕನೆಕ್ಟರ್ ಒತ್ತಿ. ಮತ್ತೆ ತಿರುಚಿ ಟೇಪ್ ಸುತ್ತಿದರೆ ಮುಂದಿನ ಮಳೆಗಾಲಕ್ಕೆ ಇದೇ ಏಣಿ ಇದೇ ಜಾಗಕ್ಕೆ ಬರುತ್ತದೆ.

ಬಾಗಿಲು ಮತ್ತು ಕಿಟಕಿ

ಬಾಗಿಲಿಗೆ ಅಯಸ್ಕಾಂತ, ಚೌಕಟ್ಟಿಗೆ ಗಾಜಿನ ಕೊಳವೆಯೊಳಗಿನ ರೀಡ್ ಸ್ವಿಚ್. ಸಾಮಾನ್ಯ ಬಗೆಯದಕ್ಕೆ ಎರಡರ ನಡುವೆ 15ರಿಂದ 20 ಮಿಲಿಮೀಟರ್‌ವರೆಗೆ ಅಂತರ ನಡೆಯುತ್ತದೆ. ಮಲೆನಾಡಿನಲ್ಲಿ ಆರಿದ್ರಾ ಮಳೆ ಹಿಡಿದರೆ ಹಲಸಿನ ಬಾಗಿಲೂ ಉಬ್ಬುತ್ತದೆ, ಪೂರ್ತಿ ಕೂರುವುದಿಲ್ಲ. ಬಯಲುಸೀಮೆಯಲ್ಲಿ ಹಿಂಜು ಸವೆದು ಬಾಗಿಲು ಜೋತುಬೀಳುತ್ತದೆ. ಅಂತರ ಅಂಚಿಗೆ ಬಂದಾಗ ಗಾಳಿಗೆ ಬಾಗಿಲು ಒಂದಿಷ್ಟು ಅಲುಗಿದರೂ ಅಲಾರಂ. ಬಾಗಿಲು ಹಾಕಿ, ಕೈಯಿಂದ ಒಳಗೂ ಹೊರಗೂ ಒತ್ತಿ, ಇನ್ನೊಬ್ಬರು ಕೀಪ್ಯಾಡ್ ದೀಪ ನೋಡುತ್ತಿರಲಿ. ದೀಪ ಮಿನುಗಿದರೆ ಅಯಸ್ಕಾಂತವನ್ನು ಹತ್ತಿರಕ್ಕೆ ಸರಿಸಿ, ಅಂತರ 5 ಮಿಲಿಮೀಟರ್ ಆಸುಪಾಸಿಗೆ ತನ್ನಿ.

ಕಬ್ಬಿಣದ ಬಾಗಿಲಿಗೆ, ಸ್ಟೀಲ್ ಚೌಕಟ್ಟಿಗೆ ಈ ಸಾದಾ ಕಾಂಟ್ಯಾಕ್ಟ್ ಹೊಂದುವುದಿಲ್ಲ. ಅಯಸ್ಕಾಂತದ ಬಲವನ್ನು ಕಬ್ಬಿಣವೇ ಹೀರಿಕೊಳ್ಳುತ್ತದೆ. ಕೆಳಗೆ ಅರ್ಧ ಇಂಚಿನ ಪ್ಲಾಸ್ಟಿಕ್ ಅಥವಾ ಮರದ ತುಂಡು ಕೊಡಿ, ಅಥವಾ ಶಟರ್‌ಗೆ ಬಳಸುವ ಭಾರದ ಕಾಂಟ್ಯಾಕ್ಟ್ ಹಾಕಿ.

ರೀಡ್ ಸ್ವಿಚ್ಚನ್ನು ಮೀಟರಿನ ಬೀಪಿಗೆ ಇಟ್ಟು ಅಯಸ್ಕಾಂತ ಹತ್ತಿರ ತನ್ನಿ, ದೂರ ಮಾಡಿ. ಹತ್ತಿರದಲ್ಲಿ ಬೀಪ್, ದೂರದಲ್ಲಿ ಮೌನ. ದೂರ ಮಾಡಿದರೂ ಬೀಪ್ ನಿಲ್ಲದೆ, ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದಾಗ ಮಾತ್ರ ನಿಂತರೆ ಒಳಗಿನ ಎಲೆಗಳು ಅಂಟಿಕೊಂಡಿವೆ. ತಟ್ಟಿದಾಗ ಸರಿಯಾಯಿತು ಎಂದು ಹಾಗೇ ಬಿಡಬೇಡಿ. ಬಾಗಿಲು ತೆರೆದರೂ ಮುಚ್ಚಿದೆ ಎಂದು ಹೇಳುವ ಸ್ವಿಚ್ ಅದು.

ಮೋಷನ್ ಸೆನ್ಸರ್

ಮೂಲೆಯಲ್ಲಿ ಕೂತ ಪಿಐಆರ್ ಸೆನ್ಸರ್ ಚಲಿಸುವ ಬಿಸಿಯನ್ನು ನೋಡುತ್ತದೆ. ಅದರ ಲೆನ್ಸ್ ಮೇಲೆ ಹಲ್ಲಿ ಹರಿದರೆ, ಜೇಡ ಬಲೆ ಕಟ್ಟಿ ಅದರ ಮೇಲೆ ಓಡಾಡಿದರೆ, ಹತ್ತಿರವಿರುವುದರಿಂದ ಆ ಪುಟ್ಟ ಜೀವವೂ ಮನುಷ್ಯನಷ್ಟು ದೊಡ್ಡದಾಗಿ ಕಾಣುತ್ತದೆ. ಮುಚ್ಚಳ ತೆಗೆಯಿರಿ. ಬೋರ್ಡಿನ ಮೇಲೆ ಇರುವೆ ಮೊಟ್ಟೆ, ರಿಲೇ (ಒಳಗಿನ ಪುಟ್ಟ ವಿದ್ಯುತ್ ಸ್ವಿಚ್) ಪಕ್ಕದಲ್ಲಿ ಮಣ್ಣಿನ ಪುಡಿ ಇದ್ದರೆ ಮೃದುವಾದ ಪೇಂಟ್ ಬ್ರಷ್‌ನಿಂದ ಗುಡಿಸಿ. ಸೆನ್ಸರಿನ ಸಣ್ಣ ಕಿಟಕಿಗೆ ಬೆರಳು ತಾಗಿಸಬೇಡಿ. ವೈರ್ ಒಳಬರುವ ತೂತನ್ನು ಸಿಲಿಕೋನ್‌ನಿಂದ ಮುಚ್ಚಿ. ಈ ತೂತು ಬಿಟ್ಟರೆ ಮಾಡಿದ ಶುಚಿಯೆಲ್ಲ ವ್ಯರ್ಥ.

ನಂತರ ಸೆನ್ಸರ್ ಏನನ್ನು ನೋಡುತ್ತಿದೆ ಎಂದು ನೀವೂ ನೋಡಿ. ಫ್ಯಾನಿಗೆ ಅಲುಗುವ ಪರದೆ, ವೆಂಟಿಲೇಟರಿನಿಂದ ಸಂಜೆ ಹೊತ್ತು ನೇರ ಬೀಳುವ ಬಿಸಿಲು, ದೇವರ ಮನೆಯ ದೀಪ, ಸೋಫಾ ಹತ್ತುವ ಬೆಕ್ಕು ಎಲ್ಲವೂ ಕಾರಣಗಳೇ. ಎತ್ತರ 2.1ರಿಂದ 2.4 ಮೀಟರ್ ಇರಲಿ, ಕಿಟಕಿಗೆ ಎದುರು ಬೇಡ.

ಸೆನ್ಸರಿನ ಪ್ಲಸ್ ಮೈನಸ್ ಸ್ಕ್ರೂಗಳಲ್ಲಿ ವೋಲ್ಟ್ ಅಳೆಯಿರಿ, ಅದೂ ಕರೆಂಟು ತೆಗೆದು, ಬ್ಯಾಟರಿ ಮೇಲೆ ಓಡುವಾಗ. ಸಾಮಾನ್ಯವಾಗಿ 9ರಿಂದ 16 ವೋಲ್ಟ್‌ನಲ್ಲಿ ಕೆಲಸ ಮಾಡುವಂಥವು ಇವು. 11ಕ್ಕಿಂತ ಕೆಳಗೆ ಸಿಕ್ಕರೆ ದಾರಿಯಲ್ಲಿ ಕೆಟ್ಟ ಜಾಯಿಂಟ್ ಇದೆ. ಅಲಾರಂ ಕೇಬಲಿನ ತೆಳು ಎಳೆ 100 ಮೀಟರಿಗೆ ಸುಮಾರು 8 ಓಮ್ ಮಾತ್ರ, ಒಂದು ಸೆನ್ಸರ್ 30 ಮೀಟರ್ ದೂರವಿದ್ದರೂ ನಷ್ಟ 0.1 ವೋಲ್ಟ್ ದಾಟಬಾರದು. ಪವರ್ ಹೋದಾಗ ಸೆನ್ಸರಿನ ರಿಲೇ ತಾನಾಗಿ ತೆರೆದುಕೊಂಡು ಅಲಾರಂ ಕೊಡುತ್ತದೆ. ಹಾಗಾಗಿ ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಎಲ್ಲ ಮೋಷನ್ ಜೋನ್‌ಗಳೂ ಒಟ್ಟಿಗೆ ಕೂಗಿದರೆ ಏಣಿ ಹತ್ತುವ ಮುಂಚೆ ಬ್ಯಾಟರಿ ನೋಡಿ.

ಮೇ ತಿಂಗಳ ಕಲಬುರಗಿಯಲ್ಲಿ ಬಾಗಿಲು ಹಾಕಿದ ಕೋಣೆ ಮೈಯಷ್ಟೇ ಬಿಸಿಯಾದಾಗ ಸೆನ್ಸರಿಗೆ ಮನುಷ್ಯ ಗೋಡೆಯಂತೆಯೇ ಕಾಣುತ್ತಾನೆ. ಇದು ದೋಷವಲ್ಲ, ಈ ಬಗೆಯ ಸೆನ್ಸರಿನ ಮಿತಿ. ಅಂಥ ಊರುಗಳಲ್ಲಿ ಬಾಗಿಲ ಕಾಂಟ್ಯಾಕ್ಟ್ ಬಿಟ್ಟು ಬರಿ ಪಿಐಆರ್ ನಂಬಬಾರದು.

ಸೈರನ್, ಫೋನ್

ಸೈರನ್ ದನಿ ಕ್ಷೀಣಿಸಿದ್ದರೆ ಕೂಗುತ್ತಿರುವಾಗಲೇ ಅದರ ತುದಿಯಲ್ಲಿ ಅಳೆಯಿರಿ. ಒಂದು ಆಂಪಿಯರ್ ಎಳೆಯುವ ಸೈರನ್ 20 ಮೀಟರ್ ದೂರವಿದ್ದರೆ ತೆಳು ಎಳೆಯಲ್ಲೇ 3 ವೋಲ್ಟ್ ಸೋರಿಹೋಗುತ್ತದೆ. ಕೇಬಲಿನಲ್ಲಿ ಖಾಲಿ ಎಳೆಗಳಿದ್ದರೆ ಎರಡೆರಡು ಜೋಡಿಸಿ, ನಷ್ಟ ಅರ್ಧವಾಗುತ್ತದೆ. ಪರೀಕ್ಷೆಗೆಂದು ಸೈರನ್ ಬಿಚ್ಚಿದರೆ ಪಿಸಿ1832 ಸೈರನ್ ತುಂಡಾಗಿದೆ ಎಂದು ದೂರುತ್ತದೆ, ಆ ಸ್ಕ್ರೂಗಳಿಗೆ 1 ಕಿಲೋ ಓಮ್ ಹಾಕಿದರೆ ಸುಮ್ಮನಾಗುತ್ತದೆ. ಹೊರಗಿನ ಸೈರನ್ ಪೆಟ್ಟಿಗೆಯೊಳಗೆ ಪ್ರತ್ಯೇಕ ಬ್ಯಾಟರಿ ಇರುವ ಬಗೆಯೂ ಇದೆ. ಅದರ ವೈರ್ ಕತ್ತರಿಸಿದರೆ ನಿಲ್ಲುವ ಬದಲು ಜೋರಾಗಿ ಕೂಗುತ್ತದೆ, ಅದನ್ನು ಹಾಗೆಯೇ ಮಾಡಿರುವುದು.

ಲ್ಯಾಂಡ್‌ಲೈನ್ ಹಿಂತಿರುಗಿಸಿದ ಮನೆಗಳಲ್ಲಿ 3 ಮತ್ತು 4ನೇ ತೊಂದರೆ ಎಂದೂ ಆರುವುದಿಲ್ಲ. ಫೋನ್ ಬೇಡವಾದರೆ ಆ ಭಾಗವನ್ನು ಪ್ರೋಗ್ರಾಮಿನಲ್ಲಿ ಮುಚ್ಚಿಸಿ. ಯಾವಾಗಲೂ ಉರಿಯುವ ಹಳದಿ ದೀಪಕ್ಕೆ ಮನೆಯವರ ಕಣ್ಣು ಒಗ್ಗಿಹೋದರೆ ನಾಳೆ ಬ್ಯಾಟರಿ ಸತ್ತದ್ದೂ ತಿಳಿಯುವುದಿಲ್ಲ. ಸಿಮ್ ಹಾಕುವ ಹಳೆಯ ಡಯಲರ್ (ಅಲಾರಂ ಕೂಗಿದಾಗ ಫೋನ್ ಮಾಡುವ ಪೆಟ್ಟಿಗೆ) 2ಜಿ ಮಾತ್ರ ಬಲ್ಲದ್ದಾಗಿದ್ದರೆ ಜಿಯೋ ಸಿಮ್ ಅದರಲ್ಲಿ ನಡೆಯದು, ಆ ಜಾಲದಲ್ಲಿ 2ಜಿ ಇಲ್ಲ. ಬೇರೆ ಸಿಮ್ ಆದರೆ ರೀಚಾರ್ಜ್ ಮುಗಿದಿದೆಯೇ ಎಂದು ನೋಡಿ. ಆ ಸಿಮ್ಮಿಗೆ ಬರುವ ಎಚ್ಚರಿಕೆಯ ಮೆಸೇಜನ್ನು ಓದುವವರು ಯಾರೂ ಇಲ್ಲವಲ್ಲ.

ಸದ್ದಿಲ್ಲದ ದೋಷ

ಕೂಗುವ ಅಲಾರಂ ತನ್ನ ರೋಗ ತಾನೇ ಹೇಳುತ್ತದೆ. ಭಯಪಡಬೇಕಾದದ್ದು ವರ್ಷಗಟ್ಟಲೆ ಕೂಗದೆ ಹಸಿರು ದೀಪ ತೋರಿಸುತ್ತ ಕೂತಿರುವುದಕ್ಕೆ. ಬಹಳ ಮನೆಗಳಲ್ಲಿ ಕೆಲಸ ಬೇಗ ಮುಗಿಯಲೆಂದು 5.6 ಕಿಲೋ ರೆಸಿಸ್ಟರುಗಳನ್ನೆಲ್ಲ ಪ್ಯಾನೆಲ್ ಪೆಟ್ಟಿಗೆಯಲ್ಲೇ ಸಿಕ್ಕಿಸಿಬಿಟ್ಟಿರುತ್ತಾರೆ. ಅವು ಇರಬೇಕಾದದ್ದು ಸೆನ್ಸರಿನ ತುದಿಯಲ್ಲಿ. ಪೆಟ್ಟಿಗೆಯಲ್ಲಿದ್ದರೆ, ಗೋಡೆಯೊಳಗೆ ಕೇಬಲ್ ಶಾರ್ಟ್ ಆದರೂ ಪ್ಯಾನೆಲಿಗೆ 5.6 ಕಿಲೋ ಕಾಣುತ್ತಲೇ ಇರುತ್ತದೆ. ಬಾಗಿಲು ಹಾರುಹೊಡೆದರೂ ಎಲ್ಲ ಮುಚ್ಚಿದೆ ಎಂದೇ ಅದರ ನಂಬಿಕೆ. ಪೆಟ್ಟಿಗೆಯೊಳಗೆ ಹಸಿರು ನೀಲಿ ಕೆಂಪು ಪಟ್ಟಿಯ ಸಾಲು ಕಂಡರೆ ಒಂದೊಂದಾಗಿ ಆಚೆ ತುದಿಗೆ ಸಾಗಿಸಿ. ಈ ಕೈಪಿಡಿಯಲ್ಲಿ ಒಂದೇ ಒಂದು ಕೆಲಸಕ್ಕೆ ನಿಮಗೆ ಸಮಯವಿದ್ದರೆ ಇದನ್ನು ಮಾಡಿ.

ತಿಂಗಳಿಗೊಮ್ಮೆ ಮನೆ ಸುತ್ತಿ ಬರಲು ಹತ್ತು ನಿಮಿಷ ಸಾಕು. ಅಲಾರಂ ಆನ್ ಮಾಡಬೇಡಿ. ಒಬ್ಬರು ಕೀಪ್ಯಾಡ್ ಮುಂದೆ ನಿಲ್ಲಲಿ, ಇನ್ನೊಬ್ಬರು ಪ್ರತಿ ಬಾಗಿಲು, ಪ್ರತಿ ಕಿಟಕಿ ತೆರೆದು ಮುಚ್ಚಲಿ, ಪ್ರತಿ ಮೋಷನ್ ಸೆನ್ಸರಿನ ಮುಂದೆ ನಾಲ್ಕು ಹೆಜ್ಜೆ ಅಡ್ಡ ನಡೆಯಲಿ. ಆ ಜೋನ್‌ನ ದೀಪ ಹೊತ್ತಿ ಆರಬೇಕು. ಒಂದು ಜೋನ್‌ಗೆ ಆರು ಕಿಟಕಿ ಇದ್ದರೆ ಆರನ್ನೂ ಬೇರೆ ಬೇರೆಯಾಗಿ ತೆರೆಯಿರಿ. ಸೆನ್ಸರಿನ ಕೆಂಪು ದೀಪ ಮಿಂಚಿದರೂ ಕೀಪ್ಯಾಡ್ ದೀಪ ಹೊತ್ತದಿದ್ದರೆ ಆ ಸೆನ್ಸರಿನ ರಿಲೇ ಅಂಟಿದೆ, ಅಥವಾ ರೆಸಿಸ್ಟರ್ ಇನ್ನೂ ಪೆಟ್ಟಿಗೆಯಲ್ಲೇ ಇದ್ದು ದಾರಿಯಲ್ಲಿ ವೈರ್ ಶಾರ್ಟ್ ಆಗಿದೆ. ಮತ್ತೆ ಆ ಜೋನ್‌ನ ವೈರ್ ಬಿಚ್ಚಿ ಓಮ್ ಮೀಟರಿಗೆ ಕೊಡಿ. ಕೊನೆಗೆ ಸ್ಟಾರ್, 6, ಮಾಸ್ಟರ್ ಕೋಡ್, 4 ಒತ್ತಿದರೆ ಸೈರನ್ ಎರಡು ಸೆಕೆಂಡ್ ಕೂಗಿ ಬ್ಯಾಟರಿಯ ಪರೀಕ್ಷೆಯೂ ನಡೆಯುತ್ತದೆ. ಇದನ್ನು ಎಂಸಿಬಿ ಇಳಿಸಿ ಅರ್ಧ ಗಂಟೆಯಾದ ಮೇಲೆ ಮಾಡಿ, ಆಗ ಸಿಗುವುದು ಬ್ಯಾಟರಿಯ ನಿಜವಾದ ಲೆಕ್ಕ.